ಹನ್ನೆರಡು ಮತ್ತು ಇಪ್ಪತ್ತೊಂದು

ಹೋದ ವಾರ ಮೊಬೈಲ್ ಚಾರ್ಜ್ ಆಗುತ್ತಿಲ್ಲ ಅಂತ ಚಿಂತಾಮಣಿ ಬಸ್ ಸ್ಟ್ಯಾಂಡ್ ಎದುರಿನ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಲ್ಡರಿಂಗ್ ಕಡ್ಡಿಯ ಮೊನೆಯನ್ನು ಪೇಸ್ಟಿನ ಡಬ್ಬಿಗೆ ಅದ್ದಿ ತೆಗೆದ. ಚುಯ್ ಅಂದಿತು. ಒಂದೆಳೆ ಹೊಗೆ ಎದ್ದು ನೇರ ನನ್ನ ಮೂಗಿಗೆ ಬಂತು. ಸುಟ್ಟ ರಾಳದ ವಾಸನೆ, ಜೊತೆಗೆ ಬಿಸಿಯಾದ ಧೂಳಿನದು.

"ಹೊರಗೆ ಕೂತ್ಕೊಳ್ಳಿ ಮೇಡಂ, ಹೊಗೆ ಆಗಲ್ಲ ನಿಮಗೆ" ಅಂದ ಅವನು. ನಾನು ಕದಲಲಿಲ್ಲ. ಆ ವಾಸನೆ ಮುಗಿಯುವವರೆಗೂ ಅಲ್ಲೇ ನಿಂತಿದ್ದೆ...

ನಮ್ಮ ಸೂಪರಿಂಟೆಂಡೆಂಟರ ಮನೆಯ ಹಿಂದಿನ ಕೋಣೆಯಲ್ಲಿ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಎರಡು ಸಾವಿರದ ಮೂರರ ಸುಮಾರು ಇರಬೇಕು. ನಮಗಿನ್ನೂ ಕೋಲಾರವೇ ಜಿಲ್ಲೆ. ನನಗೆ ಇಪ್ಪತ್ತಾರು. ಚೇಳೂರು ರಸ್ತೆಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿದ್ದ ಕಂಪ್ಯೂಟರ್ ಸೆಂಟರ್‌ನಲ್ಲಿ ನಾನು ಟೀಚರ್. ಏಳು ಕಂಪ್ಯೂಟರ್ ಇದ್ದವು, ಅದರಲ್ಲಿ ಐದು ಓಡುತ್ತಿದ್ದವು. ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು ಬಂದು ಟೈಪಿಂಗು, ಲೆಟರ್ ಮಾಡುವುದು ಕಲಿತು ಹೋಗುತ್ತಿದ್ದರು. ನಾನು ಬೆಂಗಳೂರಲ್ಲಿ ಎರಡು ವರ್ಷ ಡಿಪ್ಲೊಮಾ ಓದಿ ಬಂದವಳು. ಕಂಪ್ಯೂಟರ್ ವಿಷಯಕ್ಕೆ ಊರಲ್ಲಿ ನನ್ನ ಮಾತೇ ಕೊನೆ ಅಂದುಕೊಂಡಿದ್ದ ಕಾಲ.

ಸೂಪರಿಂಟೆಂಡೆಂಟರು ಒಂದು ದಿನ ಬೆಳಿಗ್ಗೆ ಬಟ್ಟೆ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನಮ್ಮ ಕಟ್ಟಡದ ಹಿಂದಿನ ಸಾಲಿನಲ್ಲೇ ಮನೆ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ರಿಟೈರಾದವರು. ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನು 'ಸಾರ್' ಅನ್ನುತ್ತಿದ್ದೆ. ತೆಳ್ಳಗೆ, ಬೆನ್ನು ನೇರ, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು.

"ಹಳೇ ಫ್ಲಾಪಿ ಸಿಗ್ತವೇನಮ್ಮಾ ನಿಮ್ಮತ್ರ? ದೊಡ್ಡವು, ಮೆತ್ತಗೆ ಬಗ್ಗೋವು."

ಹುಡುಗಿಯರು ಮುಸಿಮುಸಿ ನಕ್ಕರು. ಆ ಫ್ಲಾಪಿಗಳ ಕಾಲ ಮುಗಿದೇ ಹತ್ತು ವರ್ಷವಾಗಿತ್ತು. ಹಳೇ ಸಾಮಾನಿನ ಡಬ್ಬದಲ್ಲಿ ಹುಡುಕಿ ಎಂಟು ಹತ್ತು ತೆಗೆದುಕೊಟ್ಟೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಚೀಲಕ್ಕೆ ಹಾಕಿಕೊಂಡರು. ಹೊರಟವರು ಬಾಗಿಲಲ್ಲಿ ನಿಂತು ತಿರುಗಿದರು.

"ಆಪರೇಟಿಂಗ್ ಸಿಸ್ಟಂ ಅಂತಾರಲ್ಲ, ಅದರಲ್ಲೇ ತಪ್ಪಿರಬಹುದಾ?"

"ಇರಲ್ಲ ಸಾರ್. ತಪ್ಪು ಮಾಡೋದು ನಾವು" ಅಂದೆ. ಅಷ್ಟು ಸಲೀಸಾಗಿ ಅಂದೆ.

ಅವರ ಮುಖ ಅರಳಿತು. ಬೇಜಾರಾಗಬೇಕಿತ್ತಲ್ಲ ಅನ್ನಿಸಿದ್ದು ಎಷ್ಟೋ ತಿಂಗಳಾದ ಮೇಲೆ. "ಮನೆಗೆ ಬಾರಮ್ಮ ಒಂದ್ಸಲ" ಅಂದರು.

ಭಾನುವಾರ ಹೋದೆ. ಅವರ ಮನೆಯವರು ಕಾಫಿ ಕೊಟ್ಟು, "ಅದರ ಮುಂದೆ ಕೂತ್ರೆ ಊಟದ ಪರಿವೇನೂ ಇರಲ್ಲಮ್ಮ ಇವರಿಗೆ" ಅಂತ ಹಿಂದಿನ ಕೋಣೆ ತೋರಿಸಿದರು. ಮೇಜಿನ ಮೇಲೆ ಒಂದು ಹಳೇ ಮೈಕ್ರೋಕಂಪ್ಯೂಟರ್. ಕಬ್ಬಿಣದ ಪೆಟ್ಟಿಗೆ, ಎರಡು ಫ್ಲಾಪಿ ಡ್ರೈವು, ಹಸಿರು ಅಕ್ಷರದ ಪರದೆ. ಅವರ ಕಚೇರಿಗೆ ಮೊಟ್ಟಮೊದಲು ಬಂದದ್ದಂತೆ. ಕೆಟ್ಟು ಗುಜರಿಗೆ ಹೋಗುವಾಗ ಹರಾಜಿನಲ್ಲಿ ಕೊಂಡು ತಂದು, ಪುಸ್ತಕ ನೋಡಿಕೊಂಡು ತಾವೇ ಸಾಲ್ಡರಿಂಗ್ ಕಲಿತು, ಮೂರು ವರ್ಷ ಹೆಣಗಿ ಅದಕ್ಕೆ ಜೀವ ಬರಿಸಿದ್ದರು. ಅದರಲ್ಲಿದ್ದದ್ದು ಎಂಬತ್ತರ ದಶಕದ ಒಂದು ಆಪರೇಟಿಂಗ್ ಸಿಸ್ಟಂ. ಅದರ ಹೆಸರೂ ಈಗ ಯಾರಿಗೂ ಬೇಕಿಲ್ಲ.

ಅವರ ಅನುಮಾನ ಇಷ್ಟೇ. ಆ ಕಾಲದ ಯಂತ್ರಕ್ಕೆ, ಡ್ರೈವಿನಲ್ಲಿದ್ದ ಫ್ಲಾಪಿ ತೆಗೆದು ಇನ್ನೊಂದು ಹಾಕಿದರೆ ತಾನಾಗಿ ಗೊತ್ತಾಗುತ್ತಿರಲಿಲ್ಲ. ಬದಲಾಯಿಸಿದವರು ಎರಡು ಕೀ ಒತ್ತಿ ಅದಕ್ಕೆ ಹೇಳಬೇಕು. ಹೇಳದೆ ಏನಾದರೂ ಸೇವ್ ಮಾಡಲು ಹೋದರೆ, 'ಫ್ಲಾಪಿ ಬದಲಾಗಿದೆ, ಬರೆಯಲಾರೆ' ಅಂತ ಅದು ತಡೆದು ನಿಲ್ಲಿಸಬೇಕು. ನಿಲ್ಲಿಸುತ್ತದೆ ಅಂತ ಅದರ ಪುಸ್ತಕದಲ್ಲೇ ಬರೆದಿತ್ತು. ಆದರೆ ಯಾವಾಗಲೋ ಒಂದೊಂದು ಸಲ ತಡೆಯದೆ, ಹೊಸ ಫ್ಲಾಪಿಯ ಮೇಲೆ ಹಳೇದರ ವಿಷಯ ಬರೆದು, ಅದರಲ್ಲಿದ್ದದ್ದನ್ನು ಅಳಿಸಿಬಿಡುತ್ತದೆಯೋ ಏನೋ ಅನ್ನುವುದು ಅವರ ಸಂಶಯ. ಅವರು ಬಗ್ ಅನ್ನುತ್ತಿರಲಿಲ್ಲ, ಹುಳ ಅನ್ನುತ್ತಿದ್ದರು. 'ಹುಳ ಹೇಗಿವೆ' ಅಂತ ಕುಶಲ ಕೇಳುವ ರೇಷ್ಮೆ ಸೀಮೆ ನಮ್ಮದು. ಆ ಮಾತಿಗೆ ನನಗೆ ನಗು ಬರುತ್ತಿತ್ತು.

"ಹುಳ ಇಲ್ಲ ಸಾರ್. ಬದಲಾಯಿಸಿದ್ಮೇಲೆ ಕೀ ಒತ್ತಿ ಅಂತ ಪುಸ್ತಕದಲ್ಲೇ ಇದೆ. ಒತ್ತದೇ ಇದ್ದದ್ದು ಆಪರೇಟರ್ ತಪ್ಪು."

"ಒಪ್ಪಿದೆ ಕಣಮ್ಮ. ಅದೇ ಪುಸ್ತಕ, ಒತ್ತದಿದ್ರೂ ನಾನು ನೋಡ್ಕೋತೀನಿ ಅಂತಾನೂ ಹೇಳುತ್ತಲ್ಲ? ನೋಡ್ಕೋತೀನಿ ಅಂದೋನು ನೋಡ್ಕೊಳ್ಳದಿದ್ರೆ ತಪ್ಪು ಯಾರದು?"

"ನೋಡ್ಕೊಳ್ಳುತ್ತೆ ಸಾರ್. ತೋರಿಸ್ತೀನಿ."

ಅಲ್ಲೇ ತೋರಿಸಿದೆ. ಒಂದು ಫ್ಲಾಪಿಯಲ್ಲಿದ್ದ ಫೈಲು ತೆರೆದು, ಫ್ಲಾಪಿ ಬದಲಾಯಿಸಿ, ಸೇವ್ ಕೊಟ್ಟೆ. ಯಂತ್ರ ಕಟಕಟ ಅಂದು, ಬರೆಯಲಾರೆ ಅಂತ ಹಸಿರು ಅಕ್ಷರದಲ್ಲಿ ಹೇಳಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಹೇಳಿತು. ನಾನು ಗೆದ್ದವಳ ಹಾಗೆ ಅವರ ಮುಖ ನೋಡಿದೆ. ಅವರು ನೋಟ್‌ಬುಕ್ಕಿನಲ್ಲಿ ಹತ್ತು ಗೀಟು ಹಾಕಿಕೊಂಡು, "ಹನ್ನೊಂದನೇ ಸಲ?" ಅಂದರು.

ಹೀಗೆ ಶುರುವಾದದ್ದು ಹತ್ತು ತಿಂಗಳು ನಡೆಯಿತು. ಬೆಳಿಗ್ಗೆ ಎಂಟಕ್ಕೆ, ಕ್ಲಾಸಿಗೆ ಮುಂಚೆ, ಅವರ ಮನೆಗೆ ಹೋಗಿ ಅರ್ಧ ಗಂಟೆ ಜಗಳ ಆಡಿ ಬರುವುದು ನನಗೆ ಚಟವಾಯಿತು. ಅವರು ಒಂದು ಹೊಸ ಕಾರಣ ತೆಗೆಯುವರು, ನಾನು ಮುರಿಯುವೆ. ಕರೆಂಟು ಏರಿಳಿದರೆ? ಇಲ್ಲ. ಫ್ಲಾಪಿ ಬಿಸಿಯಾದರೆ? ಇಲ್ಲ. ಡ್ರೈವಿನ ಬಾಗಿಲು ಪೂರ್ತಿ ಹಾಕದಿದ್ದರೆ? ಅದೂ ಇಲ್ಲ. ಒಂದೊಂದಕ್ಕೂ ಗೀಟು ಬೀಳುತ್ತಿತ್ತು. ಒಮ್ಮೆ ನಾನು ರೇಗಿ, "ಯಾವಳೋ ಒಬ್ಬಳು ಟೈಪಿಸ್ಟು ನೆಟ್ಟಗೆ ಕೆಲಸ ಮಾಡದೆ ಇದ್ದದ್ದಕ್ಕೆ ಪಾಪ ಮಿಷನ್ನಿನ ಮೇಲೆ ಹಾಕ್ತಿದೀರಿ ಸಾರ್" ಅಂದುಬಿಟ್ಟೆ. ಯಾವ ಟೈಪಿಸ್ಟೂ ನನ್ನ ತಲೆಯಲ್ಲಿರಲಿಲ್ಲ, ಬಾಯಿಗೆ ಬಂದ ಮಾತು. ಅವರು ಪೆನ್ನು ಕೆಳಗಿಟ್ಟರು. "ನಾಳೆ ಬಾರಮ್ಮ" ಅಂದರು. ನನಗೆ ಆಗ ಕೆಡುಕೆನಿಸಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಈ ಸಲವೂ ನಾನೇ ಗೆದ್ದೆ ಅಂದುಕೊಂಡು ಮೆಟ್ಟಿಲು ಹತ್ತಿದ್ದೆ.

ಮಾರ್ಚಿನಲ್ಲಿ ನಮ್ಮ ಸೆಂಟರ್‌ನಲ್ಲಿ ಪರೀಕ್ಷೆ. ನಾನು ಅಂಕಪಟ್ಟಿ ಟೈಪ್ ಮಾಡುತ್ತಿದ್ದೆ. ಒಬ್ಬ ಹುಡುಗಿಗೆ ಥಿಯರಿಯಲ್ಲಿ ಹನ್ನೆರಡು, ಪ್ರಾಕ್ಟಿಕಲ್‌ನಲ್ಲಿ ಇಪ್ಪತ್ತೊಂದು. ಇನ್ನೊಬ್ಬಳಿಗೆ ಅದೇ ತಿರುವುಮುರುವು. ಇಬ್ಬರದೂ ಮೂವತ್ತಮೂರು. ಬರೀ ಟೋಟಲ್ ನೋಡಿದವರಿಗೆ ಇಬ್ಬರೂ ಒಂದೇ ಅಲ್ಲವೇ ಅನ್ನಿಸಿತು.

ಕೈ ನಿಂತಿತು.

ಆ ಪುಸ್ತಕದ ಕೊನೆಯಲ್ಲಿ ಒಂದು ಪ್ಯಾರಾ ಇತ್ತು. ಫ್ಲಾಪಿ ಬದಲಾಗಿದೆಯೋ ಇಲ್ಲವೋ ಅಂತ ಯಂತ್ರ ಹೇಗೆ ಕಂಡುಹಿಡಿಯುತ್ತದೆ ಅನ್ನುವುದು. ಫ್ಲಾಪಿಯಲ್ಲಿರುವ ಫೈಲುಗಳ ಪಟ್ಟಿಯ ಒಂದೊಂದು ಅಕ್ಷರವನ್ನೂ ಒಂದು ಅಂಕಿಯಾಗಿ ಹಿಡಿದು, ಎಲ್ಲ ಕೂಡಿ, ಆ ಮೊತ್ತವನ್ನು ನೆನಪಿಟ್ಟುಕೊಳ್ಳುತ್ತದೆ. ಬರೆಯುವ ಮುಂಚೆ ಮತ್ತೆ ಕೂಡಿ ನೋಡುತ್ತದೆ. ಮೊತ್ತ ಬೇರೆಯಾಗಿದ್ದರೆ ಫ್ಲಾಪಿ ಬೇರೆ. ಆ ಪ್ಯಾರಾವನ್ನು ನಾನು ಹತ್ತಾರು ಸಲ ಓದಿದ್ದೆ. ಗೆಲ್ಲುವುದಕ್ಕೆ ಓದಿದ್ದೆ, ಅರ್ಥ ಮಾಡಿಕೊಳ್ಳುವುದಕ್ಕಲ್ಲ.

ಎರಡು ಫ್ಲಾಪಿಯ ಮೊತ್ತವೂ ಒಂದೇ ಆಗಿಬಿಟ್ಟರೆ?

ಹುಡುಗಿಯರಿಗೆ ಹತ್ತು ನಿಮಿಷ ಅಂತ ಹೇಳಿ ಓಡಿದೆ. ಅವರು ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ಏದುಸಿರು ಬಿಡುತ್ತಾ ಹೇಳಿದೆ. ಎರಡು ಫೈಲೂ ಒಂದೇ ಅಳತೆ ಇರಬೇಕು ಸಾರ್, ಹೆಸರಿನಲ್ಲಿ ಅದೇ ಅಕ್ಷರಗಳು ಹಿಂದುಮುಂದಾಗಿರಬೇಕು, ಅಷ್ಟೇ. ಅವರು ಪೇಪರ್ ಮಡಿಸಿದರು.

"ಎಲ್ಲಾ ಒಂದೇ ಅಳತೆ ಇದ್ವು" ಅಂದರು. "ನೂರು ಹೆಸರಿನ ಖಾನೆ. ಹೆಸರಿಲ್ಲದ ಕಡೆ ಖಾಲಿ ಬಿಡೋದು. ಊರಿಗೊಂದು ನಂಬರು, ಊರಿಗೊಂದು ಫ್ಲಾಪಿ."

"ಯಾವ ಊರು ಸಾರ್?"

ಅವರು ಎದ್ದರು. ಒಳಗೆ ಹೋಗಿ ಯಂತ್ರ ಹಾಕಿದರು. "ಒಂದಕ್ಕೆ ಹನ್ನೆರಡು ಅಂತ ಹೆಸರಿಡಮ್ಮ. ಇನ್ನೊಂದಕ್ಕೆ ಇಪ್ಪತ್ತೊಂದು."

ಆ ಸಂಖ್ಯೆ ನಾನು ಅವರಿಗೆ ಹೇಳಿರಲಿಲ್ಲ. ಅವರ ಬಾಯಿಂದಲೇ ಬಂತು.

ಇಟ್ಟೆ. ಎರಡರಲ್ಲೂ ಒಂದೇ ಅಳತೆಗೆ ಬೇರೆ ಬೇರೆ ಹೆಸರು ತುಂಬಿದೆ. ಹನ್ನೆರಡನ್ನು ತೆರೆದು, ಫ್ಲಾಪಿ ತೆಗೆದು, ಇಪ್ಪತ್ತೊಂದನ್ನು ಹಾಕಿ ಸೇವ್ ಕೊಟ್ಟೆ. ಯಂತ್ರ ಕಟಕಟ ಅಂದಿತು. ತಡೆಯಲಿಲ್ಲ. ಏನೂ ಹೇಳಲಿಲ್ಲ. ಕೆಲಸ ಮುಗಿಸಿ ಸುಮ್ಮನೆ ಮಿಣುಕುತ್ತಾ ಕೂತಿತು. ಇಪ್ಪತ್ತೊಂದನ್ನು ತೆರೆದು ನೋಡಿದರೆ ಅದರೊಳಗೆಲ್ಲ ಹನ್ನೆರಡರ ಹೆಸರುಗಳು.

"ಸಾರ್, ಹುಳ ಸಿಕ್ತು!" ಅಂತ ಕೂಗಿದೆ. ತಿರುಗಿ ನೋಡಿದೆ. ಅವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಸ್ಕೂಲಿನಲ್ಲಿ ಪೆಟ್ಟು ತಿಂದ ಮಗುವಿನ ಹಾಗೆ ಕೂತಿದ್ದರು. ಕಣ್ಣೀರು ಕನ್ನಡಕದ ಕೆಳಗಿಂದ ಇಳಿಯುತ್ತಿತ್ತು.

ಆಮೇಲೆ ಹೇಳಿದರು.

ಹದಿನೇಳು ವರ್ಷದ ಹಿಂದಿನ ಮಾತು. ಬಡವರಿಗೆ ಮನೆ ನಿವೇಶನ ಕೊಡುವ ಪಟ್ಟಿ ಅವರ ಕಚೇರಿಯಲ್ಲಿ ತಯಾರಾಗುತ್ತಿತ್ತು. ಅದನ್ನು ಟೈಪ್ ಮಾಡುತ್ತಿದ್ದದ್ದು ಒಬ್ಬಳೇ ಹುಡುಗಿ. ಅಂಬಾಜಿದುರ್ಗ ಬೆಟ್ಟದ ಬುಡದ ಒಂದು ಊರಿನವಳು, ಆ ಊರಿನ ಕಾಲೊನಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹೆಣ್ಣುಮಗಳು. ದಿನಗೂಲಿ ಲೆಕ್ಕದ ಕೆಲಸ, ಮುಂದೆ ಪರ್ಮನೆಂಟ್ ಆಗುವುದಿತ್ತು. ಪಟ್ಟಿ ಅಚ್ಚಾಗಿ, ಮೇಲಿನವರ ಸಹಿಯಾಗಿ, ನಿವೇಶನ ಹಂಚಿಯೂ ಆದ ಮೇಲೆ ಗೊತ್ತಾಯಿತು. ಹನ್ನೆರಡನೇ ನಂಬರಿನ ಊರಿನವರ ಹೆಸರು ಎರಡು ಸಲ ಬಂದಿದೆ, ಇಪ್ಪತ್ತೊಂದನೇ ಊರಿನವರದು ಒಂದೂ ಇಲ್ಲ. ಮೂಲ ಅರ್ಜಿಗಳು ಸಿಗಲಿಲ್ಲ. ಇಪ್ಪತ್ತೊಂದು ಅವಳದೇ ಊರು. ಪಕ್ಕದೂರಿನವರ ಹತ್ತಿರ ಲಂಚ ತಿಂದು ಸ್ವಂತ ಜನರ ಹೆಸರು ಅಳಿಸಿದಳು ಅಂತ ಮಾತೆದ್ದಿತು. ವಿಚಾರಣೆ ಆಯಿತು. ಯಂತ್ರದ ತಪ್ಪಿರಬಹುದೇ ಅಂತ ಕೇಳಿದಾಗ, ಪುಸ್ತಕ ಓದಿಕೊಂಡಿದ್ದವರು ಇವರೊಬ್ಬರೇ. ಫ್ಲಾಪಿ ಬದಲಾದರೆ ಯಂತ್ರ ತಡೆಯುತ್ತದೆ, ಯಂತ್ರದ್ದೇನೂ ದೋಷವಿಲ್ಲ ಅಂತ ಬರೆದು ಸಹಿ ಹಾಕಿದರು. ಅವಳನ್ನು ಕೆಲಸದಿಂದ ತೆಗೆದರು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಸಾರ್ ನನಗೆ?"

"ಹೇಳಿದ್ದಿದ್ರೆ ನೀನು ನನ್ನ ಮೇಲೆ ಕನಿಕರ ಪಟ್ಟು ಹೌದು ಅಂದ್ಬಿಡ್ತಿದ್ದೆ ಕಣಮ್ಮ. ನನಗೆ ಹೌದು ಅನ್ನೋರು ಬೇಕಿರಲಿಲ್ಲ. ಆವತ್ತು ಎಲ್ಲಾರೂ ಹೌದು ಅಂದ್ರು. ಒಬ್ಬರಾದ್ರೂ ನಿನ್ನ ಥರ ಜಗಳ ಆಡಿದ್ದಿದ್ರೆ ನಾನು ಸೈನ್ ಹಾಕ್ತಿರಲಿಲ್ಲ."

ಮಾರನೆಯ ದಿನವೇ ಶಿಡ್ಲಘಟ್ಟದ ಬಸ್ಸು ಹತ್ತಿದೆವು. ಅವಳು ಅಲ್ಲಿ ರೇಷ್ಮೆ ನೂಲು ತೆಗೆಯುವ ಘಟಕವೊಂದರಲ್ಲಿ ಕೆಲಸಕ್ಕಿದ್ದಾಳೆ ಅನ್ನುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಚೀಲದಲ್ಲಿ ಎರಡು ಫ್ಲಾಪಿ, ಆ ಪುಸ್ತಕದ ಜೆರಾಕ್ಸ್, ನೋಟ್‌ಬುಕ್ಕು. ಅದನ್ನು ಮಡಿಲಲ್ಲಿ ಮಗುವಿನಂತೆ ಹಿಡಿದುಕೊಂಡಿದ್ದರು.

ಬೇಯಿಸಿದ ಗೂಡಿನ ವಾಸನೆ ತುಂಬಿದ ಶೆಡ್ಡು. ಸಾಲಾಗಿ ಬಿಸಿನೀರಿನ ಬಾನಿಗಳು, ಮುಂದೆ ಹೆಂಗಸರು. ನಲವತ್ತರ ಆಸುಪಾಸಿನ ಒಬ್ಬಾಕೆ ನಮ್ಮನ್ನು ಕಂಡು ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಆ ಕೈ ನೋಡಿದೆ. ವರ್ಷಗಟ್ಟಲೆ ಬಿಸಿನೀರಿನಲ್ಲಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಊದಿ, ಬಿರಿದಿದ್ದವು. ನಿಮಿಷಕ್ಕೆ ನಲವತ್ತೈದು ಪದ ಟೈಪ್ ಮಾಡುತ್ತಿದ್ದಳು ಅಂತ ಇವರು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದರು.

"ಚೆನ್ನಾಗಿದೀರಾ ಸಾರ್" ಅಂದರು ಆಕೆ. ನಿನ್ನೆ ಕಚೇರಿಯಲ್ಲಿ ಕಂಡವರ ಹಾಗೆ.

ಹೊರಗೆ ಹಿಪ್ಪುನೇರಳೆ ಸೊಪ್ಪು ಇಳಿಸುತ್ತಿದ್ದ ಕಡೆ ಕಲ್ಲುಚಪ್ಪಡಿಯ ಮೇಲೆ ಕೂತೆವು. ಅವರು ಜೆರಾಕ್ಸ್ ತೆಗೆದು ಹೇಳತೊಡಗಿದರು. ಮೊತ್ತ, ಹನ್ನೆರಡು, ಇಪ್ಪತ್ತೊಂದು... ಮಾತು ತಡವರಿಸುತ್ತಿತ್ತು. ನಾನು ನಡುವೆ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ನಾನು ಮಾಡಿಲ್ಲ ಅನ್ನೋದು ನನಗೆ ಆವತ್ತೇ ಗೊತ್ತಿತ್ತಲ್ಲ ಸಾರ್" ಅಂದರು ಕೊನೆಗೆ.

"ಹೌದಮ್ಮ. ನನಗೆ ಗೊತ್ತಾಗೋದಕ್ಕೆ..."

"ಇನ್ನೊಂದೂ ಗೊತ್ತಿತ್ತು. ಹನ್ನೆರಡು ತೆರೆದಿಟ್ಟು ನಾನು ಟೈಪ್ ಮಾಡ್ತಿದ್ದಾಗ ನೀವು ಬಂದ್ರಿ. ಪ್ರಿಂಟಿಗೆ ಹೊರಗೆ ಕಳಿಸ್ಬೇಕು, ಅರ್ಜೆಂಟು ಅಂತ ಡ್ರೈವಿಂದ ಫ್ಲಾಪಿ ನೀವೇ ತೆಗೆದ್ಕೊಂಡು, ಮುಂದಿಂದು ಹಾಕಮ್ಮ ಅಂತ ಹೇಳಿ ಹೋದ್ರಿ. ನಾನು ಇಪ್ಪತ್ತೊಂದು ಹಾಕಿದೆ. ತಪ್ಪಾದ್ರೆ ಅದೇ ಹೇಳುತ್ತಲ್ಲ, ಯಾವಾಗ್ಲೂ ಹೇಳ್ತಿತ್ತಲ್ಲ, ಅಂತ ಸೇವ್ ಒತ್ತಿದೆ."

ಅವರು ಆಕೆಯ ಮುಖವನ್ನೇ ನೋಡುತ್ತಿದ್ದರು. ನೆನಪಿಸಿಕೊಳ್ಳಲು ನೋಡುತ್ತಿದ್ದರು ಅನ್ನಿಸುತ್ತದೆ. ನೆನಪಿಗೆ ಬಂದದ್ದು ನನಗೆ ಕಂಡಿತು.

"ನಾನು... ನಾನೇ ತೆಗೆದೆನಾ?"

"ನೀವೇ ಸಾರ್."

"ಎಂಕ್ವೈರೀಲಿ ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸಾನೂ ಹೋಗ್ತಿತ್ತು. ನಿಮಗೆ ಎರಡು ಪುಟ್ಟ ಹೆಣ್ಣುಮಕ್ಕಳು. ನಾನು ಒಂಟಿ, ಹೇಗೋ ಆಗುತ್ತೆ ಅಂದ್ಕೊಂಡೆ. ನೀವಾದ್ರೂ ನನ್ನ ಪರವಾಗಿ ಒಂದು ಮಾತು ಬರೀತೀರ ಅಂತ ನಂಬಿದ್ದೆ."

ಒಳಗೆ ಯಾರೋ ಆಕೆಯನ್ನು ಕೂಗಿದರು. "ಬಂದೆ" ಅಂದರು ಆಕೆ, ಏಳಲಿಲ್ಲ. ಅವರು ಕೈ ಮುಗಿಯಲು ಹೋದರು. ಆಕೆ ಆ ಕೈ ಹಿಡಿದು ಕೆಳಗಿಳಿಸಿದರು.

"ನಡಿಯಮ್ಮ, ಈಗಲೇ ನಿಮ್ಮೂರಿಗೆ ಹೋಗಣ. ನಿಮ್ಮ ತಾಯಿ ಮುಂದೆ ಹೇಳ್ತೀನಿ" ಅಂದರು ಅವರು.

"ಅಮ್ಮ ಕಾರ್ತಿಕದಲ್ಲಿ ಹೋದ್ರು ಸಾರ್. ನಾಲ್ಕು ತಿಂಗಳಾಯ್ತು." ಆಕೆ ಬೆರಳ ಚರ್ಮ ಕೀಳುತ್ತಾ ಹೇಳಿದರು. "ಹದಿನೇಳು ವರ್ಷ ನಾನು ಆ ಮನೆ ಹೊಸಲು ತುಳಿದಿಲ್ಲ. ಅಣ್ಣಂದಿರು ಬಿಡಲಿಲ್ಲ, ಊರೋರೂ ಬಿಡಲಿಲ್ಲ. ಮಣ್ಣಿಗೆ ಹೋಗಿದ್ದೆ. ರಸ್ತೇಲೇ ನಿಂತು ನೋಡ್ಕೊಂಡು ಬಂದೆ."

ಕಾರ್ತಿಕ ಮಾಸ. ಫ್ಲಾಪಿ ಬಿಸಿಯಾದರೆ, ಬಾಗಿಲು ಪೂರ್ತಿ ಹಾಕದಿದ್ದರೆ ಅಂತ ನಾವು ಬೆಳಿಗ್ಗೆ ಬೆಳಿಗ್ಗೆ ವಾದ ಮಾಡುತ್ತಿದ್ದ ತಿಂಗಳು ಅದು.

"ಅಮ್ಮನಿಗೆ ಆಗಲ್ಲ. ಊರಲ್ಲಾದ್ರೂ ಹೇಳಿ ಸಾರ್" ಅಂತ ಹೇಳಿ ಆಕೆ ಒಳಗೆ ಹೋದರು.

ಮೂರನೇ ದಿನ ಬೆಳಿಗ್ಗೆ ಆಕೆಯ ಊರಿನ ಹಾಲಿನ ಡೈರಿ ಮುಂದೆ ನಿಂತಿದ್ದೆವು. ಊರವರೆಲ್ಲ ಒಂದೇ ಕಡೆ ಸಿಗುವ ಹೊತ್ತು ಅದು ಅಂತ ಅವರೇ ಆರಿಸಿದ್ದು. ಕ್ಯಾನು, ಚೊಂಬು ಹಿಡಿದು ಸಾಲಿನಲ್ಲಿ ನಿಂತ ಜನರ ಮುಂದೆ ತಾವು ಯಾರು ಅಂತ ಹೇಳಿದರು. ಗುಸುಗುಸು ಎದ್ದಿತು. ಅವರ ದನಿ ಮೊದಲು ಕೇಳಿಸುತ್ತಲೇ ಇರಲಿಲ್ಲ, ಆಮೇಲೆ ಗಟ್ಟಿಯಾಯಿತು.

"ಎರಡು ಮೂಟೆ ತೂಕ ಒಂದೇ ಇದ್ರೆ ಒಳಗೆ ಇರೋದೂ ಒಂದೇ ಅಂತ ಆ ಮಿಷನ್ನು ನಂಬಿಬಿಡ್ತು. ನಿಮ್ಮ ಹೆಸರಿನ ಮೇಲೆ ಪಕ್ಕದೂರಿನ ಹೆಸರು ಬರೀತು. ಫ್ಲಾಪಿ ತೆಗೆದೋನು ನಾನು. ಮಿಷನ್ ಸರಿಯಾಗಿದೆ ಅಂತ ಸೈನ್ ಹಾಕಿದೋನೂ ನಾನು. ನಿಮ್ಮೂರ ಹುಡುಗಿ ಒಂದು ರೂಪಾಯಿ ಮುಟ್ಟಿಲ್ಲ."

ಹಾಲು ಅಳೆಯುವವನು ಅಳತೆ ಪಾತ್ರೆ ಹಿಡಿದುಕೊಂಡೇ ನಿಂತಿದ್ದ. ಹಿಂದೆ ನಿಂತಿದ್ದ ಒಬ್ಬ, ಆಕೆಯ ಅಣ್ಣ ಅಂತೆ, ಕ್ಯಾನು ಅಲ್ಲೇ ಬಿಟ್ಟು ಹೊರಟುಹೋದ. ಆಗ ಸಾಲಿನ ಮುಂದಿದ್ದ ಒಬ್ಬ ಮುದುಕಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಅವರ ಹತ್ತಿರ ಬಂದಳು.

"ಅದು ನಂಬ್ತು, ಸರಿ. ನುವ್ವೆಂದುಕು ನಮ್ಮಿತಿವಪ್ಪಾ?"

ನೀನ್ಯಾಕೆ ನಂಬಿದೆಯಪ್ಪಾ ಅಂತ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು. ಅವರು ಕೈಯಲ್ಲಿದ್ದ ನೋಟ್‌ಬುಕ್ಕು ಮುಚ್ಚಿ ಚೀಲಕ್ಕೆ ಹಾಕಿದರು. ಹತ್ತು ತಿಂಗಳು ನನ್ನ ಒಂದೊಂದು ಪ್ರಶ್ನೆಗೂ ಉತ್ತರ ಹುಡುಕಿಕೊಂಡು ಬರುತ್ತಿದ್ದ ಮನುಷ್ಯ.

ಅವರು ಕಚೇರಿಗೂ ಬರೆದರು. ಆ ವರ್ಷದ ಕಡತ ಈಗಿಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಯಂತ್ರದ ಮೇಲೆ ಬಟ್ಟೆ ಮುಚ್ಚಿದರು. ಮತ್ತೆ ಅದನ್ನು ಹಾಕಲಿಲ್ಲ. ನಾನು ಬೆಳಿಗ್ಗೆ ಹೋದರೆ ಕಾಫಿ ಕುಡಿದು ಸುಮ್ಮನೆ ಕೂರುತ್ತಿದ್ದೆವು. ಜಗಳ ಆಡಲು ಏನೂ ಉಳಿದಿರಲಿಲ್ಲ.

ಮುಂದಿನ ವರ್ಷ ಯುಗಾದಿಗೆ ಒಂದು ವಾರ ಮುಂಚೆ, ಅಂಗಳದಲ್ಲಿ ಕೂತಲ್ಲೇ ಹೋಗಿಬಿಟ್ಟರು. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆಗಳಿಂದ ಬಂದಿದ್ದರು. ಬೀದಿಯವರೆಲ್ಲ ಸೇರಿದ್ದರು. ಮಧ್ಯಾಹ್ನದ ಹೊತ್ತಿಗೆ ಆಕೆ ಬಂದರು. ಯಾರು ತಿಳಿಸಿದರೋ ನನಗೆ ಗೊತ್ತಿಲ್ಲ, ನಾನಂತೂ ತಿಳಿಸಿರಲಿಲ್ಲ. ಚಪ್ಪಲಿ ಗೇಟಿನ ಹೊರಗೆ ಬಿಟ್ಟು, ಒಳಗೆ ಬಂದು, ಕಾಲ ಬಳಿ ಒಂದು ಹಿಡಿ ಹೂ ಹಾಕಿದರು. ದೊಡ್ಡ ಮಗಳಿಗೆ ಗುರುತಾಗಲಿಲ್ಲ. "ನೀವು ಯಾರಮ್ಮ?" ಅಂತ ಕೇಳಿದರು.

ಆಕೆ ಊದಿದ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಸಾರ್ ಆಫೀಸಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ" ಅಂದರು.

ಮಗಳು ಆಕೆಗೆ ಕೂರಲು ಜಾಗ ಮಾಡಿಕೊಟ್ಟರು. ಸಂಜೆಯವರೆಗೂ ಮನೆಯವರ ಜೊತೆ ಕೂತಿದ್ದು, ಕೊನೇ ಬಸ್ಸಿಗೆ ಹೊರಟರು. ಊರಲ್ಲಿ ಸೇರಿಸಿಕೊಂಡರಾ ಅಂತ ಗೇಟಿನ ಹತ್ತಿರ ಕೇಳಿದೆ. ಅತ್ತಿಗೆ ಒಂದು ಸಲ ಬಂದು ಕರೆದು ಹೋದಳು ಅಂದರು. "ಹೋದೆ. ಅಮ್ಮ ಇಲ್ಲದ ಮನೆ... ಕಾಫಿ ಕುಡಿದು ಎದ್ದು ಬಂದೆ."

ಅದೇ ಕೊನೆ. ಆ ನೂಲಿನ ಘಟಕ ಮುಚ್ಚಿದ ಮೇಲೆ ಆಕೆ ಎಲ್ಲಿ ಹೋದರೋ ತಿಳಿಯಲಿಲ್ಲ. ಶಿಡ್ಲಘಟ್ಟದಲ್ಲಿ ಎರಡು ಸಲ ವಿಚಾರಿಸಿದೆ. ಒಬ್ಬರು ವಿಜಯಪುರ ಅಂದರು, ಇನ್ನೊಬ್ಬರು ಗೌರಿಬಿದನೂರಿನ ಕಡೆ ಅಂದರು.

ನನಗೀಗ ಐವತ್ತು ಹತ್ತಿರವಾಗುತ್ತಿದೆ. ನಾನು ಪಾಠ ಹೇಳುವ ಮಕ್ಕಳಿಗೆ ಆ ಹುಳದ ವಿಷಯ ಒಂದೆರಡು ಸಲ ಹೇಳಲು ಹೋಗಿ ನಿಲ್ಲಿಸಿದ್ದೇನೆ. ಎರಡು ಫ್ಲಾಪಿ, ಒಂದೇ ಮೊತ್ತ, ಅಷ್ಟನ್ನು ಹೇಳಬಹುದು. ಮಕ್ಕಳು ಓಹ್ ಅನ್ನುತ್ತಾರೆ. ಉಳಿದದ್ದನ್ನು ಹೇಗೆ ಹೇಳುವುದು ಅಂತ ಗೊತ್ತಾಗುವುದಿಲ್ಲ. ಸಾಕ್ಷಿ ಸಿಕ್ಕ ಮೇಲೇ ಹೋಗಬೇಕು ಅಂತ ಸಾರ್ ಕಾದರು. ವಾದ ಗೆಲ್ಲಬೇಕು ಅಂತ ನಾನು ಅವರನ್ನು ಕಾಯಿಸಿದೆ. ತಪ್ಪಾಯ್ತಮ್ಮ ಅನ್ನುವುದಕ್ಕೆ ಸಾಕ್ಷಿ ಬೇಕಿರಲಿಲ್ಲ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಅರ್ಧ ಗಂಟೆಗೊಂದು ಬಸ್ಸಿತ್ತು. ದಾರಿ ಒಂದು ಗಂಟೆಯದು. ಆ ಕಾರ್ತಿಕದೊಳಗೆ ಯಾವ ಬೆಳಿಗ್ಗೆಯಾದರೂ ನಾವು ಹೋಗಬಹುದಿತ್ತು.